ಮೊದಲ ಗೀಟು ನಮ್ಮದೇ ಇರಲಿ

ಬೇ ಏರಿಯಾದಲ್ಲಿ ಓದುತ್ತಾ ಎಐ ಬೇಡ ಅನ್ನೋದು, ಆಗುಂಬೆಯಲ್ಲಿ ಕೂತು ಮಳೆ ಬೇಡ ಅಂದ ಹಾಗೆ. ಅದನ್ನು ಕಟ್ಟುವ ಕಂಪನಿಗಳು ಇಲ್ಲೇ ಇವೆ, ನಮ್ಮಲ್ಲಿ ಎಷ್ಟೋ ಜನ ನಾಳೆ ಅಲ್ಲಿಗೇ ಅರ್ಜಿ ಹಾಕುವವರು. ಹಾಗಾಗಿ ನಮ್ಮ ತಕರಾರು ಎಐ ಬಗ್ಗೆ ಅಲ್ಲ, ಅದನ್ನು ಯಾವಾಗ ಕರೀಬೇಕು ಅನ್ನುವುದರ ಬಗ್ಗೆ.

2015ರಲ್ಲಿ ಸ್ಟ್ಯಾನ್‌ಫರ್ಡ್‌ನ ಮನೀಶ್ ಸಗ್ಗರ್, ಆಲನ್ ರೈಸ್ ಮತ್ತು ಅಲ್ಲಿನ ಡಿ.ಸ್ಕೂಲಿನವರು ಸೇರಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. 30 ಜನರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಒಂದೊಂದು ಪದ ಕೊಟ್ಟು, 30 ಸೆಕೆಂಡಿನಲ್ಲಿ ಅದರ ಚಿತ್ರ ಬರೆಸಿದರು. ಕಷ್ಟ ಅನ್ನಿಸಿದ ಪದಗಳಿಗೆ ಮೆದುಳಿನ ಮುಂಭಾಗ ಚುರುಕಾಯಿತು. ಆದರೆ ಹೆಚ್ಚು ಸೃಜನಶೀಲ ಅನ್ನಿಸಿಕೊಂಡ ಚಿತ್ರಗಳ ಹೊತ್ತಿಗೆ ಚುರುಕಾಗಿದ್ದದ್ದು ಅನುಮಸ್ತಿಷ್ಕ! ದೇಹದ ಚಲನೆ, ಸಮತೋಲನ ನೋಡಿಕೊಳ್ಳುತ್ತೆ ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದೇ. ರಂಗೋಲಿ ಎಳೆಯುತ್ತಾ ಎಳೆಯುತ್ತಾನೇ ಅಜ್ಜಿಗೆ ಹೊಸ ಎಳೆ ಹೊಳೆಯುವುದನ್ನು ನೋಡಿದವರಿಗೆ ಇದು ಅಷ್ಟೇನೂ ಆಶ್ಚರ್ಯವಲ್ಲ. (ಈ ಮಾತು ನಮ್ಮದು, ವಿಜ್ಞಾನಿಗಳದ್ದಲ್ಲ.)

2025ರ ಎಂಐಟಿ ಅಧ್ಯಯನ ನೀವೆಲ್ಲ ಕೇಳಿರ್ತೀರಿ. 54 ಜನ ಪ್ರಬಂಧ ಬರೆದರು. ಚಾಟ್‌ಜಿಪಿಟಿ ಬಳಸಿದವರ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಎಲ್ಲರಿಗಿಂತ ದುರ್ಬಲವಾಗಿತ್ತು. ಸಣ್ಣ ಅಧ್ಯಯನ, ಅದೂ ಪ್ರಬಂಧದ್ದು. ಅಷ್ಟಕ್ಕೇ ‘ಮೆದುಳು ಕೊಳೆಯುತ್ತೆ’ ಅಂತ ವಾಟ್ಸಾಪ್‌ನಲ್ಲಿ ಹಂಚುವುದು ಅತಿಯಾಯಿತು. ಡಿಸೈನಿಗೆ ಹತ್ತಿರದ್ದು 2024ರ ಇನ್ನೊಂದು ಅಧ್ಯಯನ. ಅದರಲ್ಲಿ ಎಐ ಚಿತ್ರಗಳ ನೆರವು ಪಡೆದವರಿಗೆ ಐಡಿಯಾಗಳು ಕಡಿಮೆ ಬಂದವು, ಬಂದವೂ ಕಣ್ಣೆದುರಿನ ಮಾದರಿಗೇ ಅಂಟಿಕೊಂಡಿದ್ದವು.

ರಾಜ್ಯೋತ್ಸವದ ಪೋಸ್ಟರುಗಳಲ್ಲಿ ಇದು ಕಾಣುತ್ತದೆ. ಪ್ರಾಂಪ್ಟ್ ಕೊಟ್ಟರೆ ಹಳದಿ-ಕೆಂಪು, ಗೋಪುರ, ಆನೆ, ಸೂರ್ಯ, ಮತ್ತೆ ಒತ್ತಕ್ಷರ ಮುರಿದ ಕನ್ನಡ. ಬೀದರಿನವರ ಕರ್ನಾಟಕವೂ ಅದರಲ್ಲಿಲ್ಲ, ಕಾಸರಗೋಡಿನವರ ಕನ್ನಡವೂ ಇಲ್ಲ. ಇಲ್ಲೇ ಹುಟ್ಟಿ, ಫ್ರೀಮಾಂಟಿನ ಕನ್ನಡ ಕಲಿ ತರಗತಿಯಲ್ಲಿ ಅಆಇಈ ತಿದ್ದಿದವರದ್ದಂತೂ ದೂರವೇ ಉಳಿಯಿತು. ಮೊದಲು ಆ ಚಿತ್ರ ನೋಡಿಬಿಟ್ಟರೆ, ಆಮೇಲೆ ನಮ್ಮ ತಲೆಗೂ ಬೇರೇನೂ ಬರೋದಿಲ್ಲ.

ಅದಕ್ಕೇ ಈ ನವೆಂಬರ್ ಪೋಸ್ಟರಿಗೆ ನಮ್ಮ ಸಲಹೆ: ಮೊದಲ ಅರ್ಧ ಗಂಟೆ ಲ್ಯಾಪ್‌ಟಾಪ್, ಫೋನ್ ಎರಡೂ ಮುಚ್ಚಿಡೋಣ. ಒಬ್ಬೊಬ್ಬರು ಹತ್ತು ಗೀಚುಚಿತ್ರ, ಎಷ್ಟು ಕೆಟ್ಟದಾಗಿದ್ದರೂ ಸರಿ. ಚಿತ್ರ ಬರೋದಿಲ್ಲ ಅನ್ನುವವರು ಕಡ್ಡಿಗೊಂಬೆ ಬರೆಯಲಿ. ಅದರಲ್ಲೊಂದನ್ನು ಆರಿಸಿದ ಮೇಲೆ ಬಣ್ಣ, ಅಳತೆ, ಹತ್ತು ಬಗೆಯ ಜೋಡಣೆಗೆ ಎಐ ಧಾರಾಳವಾಗಿ ಬರಲಿ. ಕಾಗದ, ಪೆನ್ಸಿಲ್ ಸಂಘದ ಕಡೆಯಿಂದ.