ಹಿಮದ ಊರಿಗೆ ಹಳೆಯ ಕಾರು

ಓದಲೆಂದು ಅಮೆರಿಕಕ್ಕೆ ಹೋಗಿ, ಮಿನೆಸೋಟದಂಥ ಹಿಮ ಸುರಿಯುವ ರಾಜ್ಯದಲ್ಲಿ ಸಂಸಾರ ಹೂಡಿದವರು ಸೆಕೆಂಡ್‌ಹ್ಯಾಂಡ್ ಕಾರು ಹುಡುಕುವಾಗ ಸುಬಾರು ಔಟ್‌ಬ್ಯಾಕ್ ಹೆಸರು ಕೇಳಿಬರುವುದುಂಟು. ಹಿಂದೆ ಸಾಮಾನಿಗೆ ಧಾರಾಳ ಜಾಗ. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಗಳಿಗೆ ಹಂಚಿಕೆ.

ಆದರೆ ಈ ವ್ಯವಸ್ಥೆ ಕಾರನ್ನು ಹೊರಡಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹಿಮದ ಮೇಲೆ ಹಿಡಿತ ಕೊಡುವುದು ಟೈರು. ಸಲೀಸಾಗಿ ಹೊರಟ ಕಾರು ಸಲೀಸಾಗಿ ನಿಂತೀತೆಂಬ ಭ್ರಮೆಯೇ ಅಪಾಯಕಾರಿ. ಆದ್ದರಿಂದ ಚಳಿಗಾಲದ ಟೈರುಗಳ ಖರ್ಚನ್ನೂ ಕಾರಿನ ಬೆಲೆಯೊಂದಿಗೇ ಲೆಕ್ಕ ಹಾಕಿ.

ಕೊಳ್ಳುವ ಮುನ್ನ ನಾಲ್ಕೂ ಟೈರುಗಳನ್ನು ನೋಡಿ. ಅಳತೆ, ಸವೆತ ಒಂದೇ ಇರಬೇಕು. ಸವೆದ ಟೈರಿನ ಸುತ್ತಳತೆ ಕಡಿಮೆ. ಅಷ್ಟೇ ದೂರಕ್ಕೆ ಅದು ಹೆಚ್ಚು ಸುತ್ತು ತಿರುಗಬೇಕು. ಹೀಗೆ ಮುಂದಿನ, ಹಿಂದಿನ ಚಕ್ರಗಳ ವೇಗ ಬೇರೆಯಾದರೆ ಶಕ್ತಿ ಹಂಚುವ ಭಾಗ ಬಿಸಿಯೇರಿ ಕೆಡುತ್ತದೆ. ಒಣ ನೆಲದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಿ. ಕಾರು ತಡೆತಡೆದು ಜಗ್ಗಿದರೆ ಮೆಕ್ಯಾನಿಕ್‌ಗೆ ತೋರಿಸದೆ ಹಣ ಕೊಡಬೇಡಿ.

ಅಲ್ಲಿ ಮಾರಾಟವಾದ 2.5 ಲೀಟರ್ ಔಟ್‌ಬ್ಯಾಕ್‌ಗೆ 2012ರ ಮಾದರಿಯವರೆಗೆ ಟೈಮಿಂಗ್ ಬೆಲ್ಟ್, 2013ರಿಂದ ಚೈನ್. 1,05,000 ಮೈಲಿ ದಾಟಿದ ಬೆಲ್ಟ್ ಕಾರಾದರೆ, ಬೆಲ್ಟ್ ಬದಲಿಸಿದ ರಸೀದಿ ಕೇಳಿ. ಅದು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹಾಳಾದೀತು.

ಕಾರು ಮನೆಗೆ ಬಂದ ಮೇಲೆ, ಮಗ ಅಥವಾ ಮಗಳು ಓಡಿಸುವುದಾದರೆ, ಹಿಮ ಬಿದ್ದ ಖಾಲಿ ಬಯಲಲ್ಲಿ ಮೊದಲು ಬ್ರೇಕು ಹಾಕಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿಸಿ. ಹೊರಡುವುದು ತಾನಾಗಿ ಬರುತ್ತದೆ.