ಅಜ್ಜಿಯ ಎಲೆ-ಅಡಿಕೆ ಕಾಸಿಗೂ ತೆರಿಗೆಯೇ?

ಹಿರಿಯೂರಿನಿಂದ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್. ಸೊಸೆಯ ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಆ ದಾರಿಯ ಬಸ್ ಹತ್ತುವ ಅಜ್ಜಿಯರು ನಮ್ಮ ಕಡೆ ಬಹಳ. ಹಿತ್ತಲು, ಎಮ್ಮೆ, ನೆರೆಮನೆಯ ಮಾತುಕತೆ ಎಲ್ಲ ಬಿಟ್ಟು ಹೋಗಿ ನಾಲ್ಕನೇ ಮಹಡಿಯಲ್ಲಿ ಮೊಮ್ಮಗುವಿಗೆ ರಾಗಿ ಸರಿ ತಿನ್ನಿಸುತ್ತಾರೆ. ತಿಂಗಳಾದಾಗ ಮಗ ‘ಎಲೆ-ಅಡಿಕೆ ಖರ್ಚಿಗಿರಲಿ’ ಎಂದು ಹತ್ತು ಸಾವಿರ ಕೊಡುತ್ತಾನೆ. ಅದು ಸಂಬಳವೋ, ಉಡುಗೊರೆಯೋ?

ತಾಯಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು ಅಜ್ಜಂದಿರು ಮೂಗು ಮುರಿಯಬೇಡಿ. ಮಗು ನೋಡಿಕೊಳ್ಳುವುದು ಕೂಲಿ ಸಲ್ಲಬೇಕಾದ ಕೆಲಸವೆಂದು ಸರ್ಕಾರವೇ ಒಪ್ಪಿದ್ದುಂಟು. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಕೂಲಿ ಕೊಡಬೇಕು ಎಂದು ಬರೆದಿತ್ತು.

ಆದರೆ ಆದಾಯ ತೆರಿಗೆಯ ಲೆಕ್ಕ ಬೇರೆ. ಮಗ, ಮಗಳು, ಸೊಸೆ, ಅಳಿಯ ಯಾರೇ ಪ್ರೀತಿಯಿಂದ ಕೊಟ್ಟರೂ ಅದು ಉಡುಗೊರೆ. ಎಷ್ಟೇ ಇರಲಿ, ಅಜ್ಜಿಗೆ ತೆರಿಗೆ ಇಲ್ಲ. ‘ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ, ತಿಂಗಳಿಗೆ ಇಷ್ಟು’ ಎಂದು ಮಾತಾಡಿಕೊಂಡು ಕೊಟ್ಟರೆ ಮಾತ್ರ ಅದು ಕೆಲಸಕ್ಕೆ ಸಂದ ಹಣ, ಅಂದರೆ ಅಜ್ಜಿಯ ಆದಾಯ. ಎರಡರಲ್ಲಿ ಯಾವುದಾದರೂ ಮಗನ ತೆರಿಗೆ ಒಂದು ಪೈಸೆಯೂ ಇಳಿಯದು. ಅಂಗಡಿ ಇಟ್ಟುಕೊಂಡವರು ತಾಯಿಗೆ ಕೊಟ್ಟದ್ದನ್ನು ‘ನೌಕರರ ಸಂಬಳ’ ಎಂದು ಅಂಗಡಿ ಲೆಕ್ಕಕ್ಕೆ ಸೇರಿಸುವುದುಂಟು. ಸಲ್ಲದು. ಮಗು ಆಡಿಸುವುದು ಮನೆಯ ಖರ್ಚು, ವ್ಯಾಪಾರದ ಖರ್ಚಲ್ಲ.

ಈಗ ಮಕ್ಕಳಿಗೆ ಒಂದು ತಮಾಷೆ. ನಿಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ ಅಥವಾ ತಂಗಿ, ನಿಮಗೆ ಲಕ್ಷ ರೂಪಾಯಿ ಉಡುಗೊರೆ ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ. ನೀವು ದೊಡ್ಡವರಾಗಿ, ನಿಮ್ಮ ಮಗುವನ್ನು ನೋಡಿಕೊಂಡ ಅದೇ ಅತ್ತೆಗೆ ಲಕ್ಷ ಕೊಟ್ಟರೆ ಅಷ್ಟೂ ಅವರ ಆದಾಯಕ್ಕೆ ಸೇರುತ್ತದೆ! ಹಣ ಪಡೆದವರ ಕಡೆಯಿಂದ ಕಾನೂನು ನೆಂಟಸ್ತಿಕೆ ಎಣಿಸುತ್ತದೆ. ತಂದೆ-ತಾಯಿಯ ಒಡಹುಟ್ಟಿದವರು ಆ ಪಟ್ಟಿಯಲ್ಲಿದ್ದಾರೆ, ಒಡಹುಟ್ಟಿದವರ ಮಕ್ಕಳು ಇಲ್ಲ. ಪಟ್ಟಿಯ ಹೊರಗಿನವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿವರೆಗೆ ಪರವಾಗಿಲ್ಲ. ಒಂದು ರೂಪಾಯಿ ಹೆಚ್ಚಾದರೂ ಪೂರ್ತಿ ಮೊತ್ತ ಲೆಕ್ಕಕ್ಕೆ ಬರುತ್ತದೆ. ತಿಂಗಳಿಗೆ 4,000 ಆದರೆ ವರ್ಷಕ್ಕೆ 48,000, ಚಿಂತೆಯಿಲ್ಲ. 5,000 ಆದರೆ ಅರವತ್ತು ಸಾವಿರವೂ ಆದಾಯ. ಮದುವೆಯಾಗದೆಯೋ ಗಂಡನನ್ನು ಕಳೆದುಕೊಂಡೋ ಅಣ್ಣನ ಮನೆಯ ಮಕ್ಕಳನ್ನೆಲ್ಲ ಸಾಕಿದ ಅತ್ತೆಯರು ನಮ್ಮ ಊರುಗಳಲ್ಲಿ ಎಷ್ಟಿಲ್ಲ? ಅವರನ್ನು ಪಟ್ಟಿಯಿಂದ ಹೊರಗಿಟ್ಟದ್ದು ನನಗೆ ಸರಿ ಕಾಣುವುದಿಲ್ಲ.

ಹಾಗೆಂದು ಗಾಬರಿ ಬೇಡ. ಆದಾಯಕ್ಕೆ ಸೇರುವುದೇ ಬೇರೆ, ತೆರಿಗೆ ಕಟ್ಟುವುದೇ ಬೇರೆ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳ, ಬಡ್ಡಿಯಂಥ ಆದಾಯ ವರ್ಷಕ್ಕೆ 12 ಲಕ್ಷದವರೆಗಿದ್ದರೆ ತೆರಿಗೆ ಇಲ್ಲ. 4 ಲಕ್ಷ ದಾಟಿದರೆ ರಿಟರ್ನ್ಸ್ ಮಾತ್ರ ಸಲ್ಲಿಸಬೇಕು.

ತೆರಿಗೆಗಿಂತ ನನ್ನನ್ನು ಕಾಡುವುದು ಇನ್ನೊಂದು. ಬ್ರಿಟನ್ನಿನಲ್ಲಿ ಪಿಂಚಣಿ ವಯಸ್ಸು ಮುಟ್ಟದ ಅಜ್ಜ-ಅಜ್ಜಿಯರು 12 ವರ್ಷದೊಳಗಿನ ಮೊಮ್ಮಗುವನ್ನು ನೋಡಿಕೊಂಡರೆ, 2011ರಿಂದ ಆ ವರ್ಷಗಳನ್ನು ಅವರ ಪಿಂಚಣಿ ಲೆಕ್ಕಕ್ಕೆ ಸೇರಿಸಿಕೊಳ್ಳಲು ಅವಕಾಶವಿದೆ. ನಮ್ಮಲ್ಲಿ ಹಾಗಿಲ್ಲ. ಐದು ವರ್ಷ ಮಗು ಸಾಕಿ ಊರಿಗೆ ಮರಳುವ ಅಜ್ಜಿಯ ಕೈಯಲ್ಲಿ ಏನಿರುತ್ತದೆ? ಆದ್ದರಿಂದ ಹಣವನ್ನು ನಗದಾಗಿ ಕೊಡದೆ, ಅಜ್ಜಿಯ ಹೆಸರಿನ ಖಾತೆಗೇ ಹಾಕಿ. ಠೇವಣಿ ಇಟ್ಟರೆ ಬಡ್ಡಿ ಅವರ ಆದಾಯವೇ, ಮಗನದಲ್ಲ. ಅರವತ್ತು ದಾಟಿದವರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ಮೀರುವವರೆಗೆ ಬ್ಯಾಂಕಿನವರು ತೆರಿಗೆ ಹಿಡಿಯುವುದಿಲ್ಲ. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಮಾಡಿಸಿಕೊಡಿ. ಪಾಸ್‌ಬುಕ್ ಅಜ್ಜಿಯ ಟ್ರಂಕಿನಲ್ಲೇ ಇರಲಿ.

ಮಕ್ಕಳೇ, ಚಿಕ್ಕಪ್ಪನ ಮಗನನ್ನು ನಾವು ಬಾಯ್ತುಂಬ ‘ಅಣ್ಣ’ ಎನ್ನುತ್ತೇವಲ್ಲ, ತೆರಿಗೆ ಪಟ್ಟಿಯಲ್ಲಿ ಅವನು ಅಣ್ಣನಲ್ಲ. ಹಾಗಾದರೆ ದೊಡ್ಡಮ್ಮನ ಗಂಡ ನಿಮಗೆ ಕೊಟ್ಟ ಉಡುಗೊರೆ? ಅವರು ಪಟ್ಟಿಯಲ್ಲಿದ್ದಾರೆ. ಅವರ ಮಗ? ಅಜ್ಜನ ಜೊತೆ ಕೂತು ಯೋಚಿಸಿ.