ಮಾಂಜ್ರಾ ಆಳ ಎಷ್ಟು ಎಂದು ಕೇಳಿದರೆ

ಬೀದರಿನಿಂದ ಸಂತಪುರಕ್ಕೆ ಹೋಗುವವರು ಕೌಠಾ ಸೇತುವೆಯಲ್ಲಿ ಮಾಂಜ್ರಾ ನದಿ ದಾಟಬೇಕು. ಬೇಸಿಗೆಯಲ್ಲಿ ಬಡವಾಗುವ ಈ ಹೊಳೆ ಜೋರು ಮಳೆಗೆ ದಂಡೆ ಮೀರಿ ಹೊಲಗಳಿಗೆ ನುಗ್ಗುತ್ತದೆ. ಹಾಗಾದರೆ ಇದರ ಆಳ ಎಷ್ಟು? ಎಲ್ಲಿ, ಯಾವ ತಿಂಗಳಲ್ಲಿ ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ಜಗತ್ತಿನ ಮಹಾನದಿಗಳಿಗೂ ಇದೇ ಮಾತು ಸಲ್ಲುತ್ತದೆ.

ಲೆಕ್ಕ ಸರಳ. ಒಂದು ಜಾಗದಲ್ಲಿ ಸೆಕೆಂಡಿಗೆ ಹಾದುಹೋಗುವ ನೀರಿನ ಪ್ರಮಾಣವು ಅಲ್ಲಿನ ಅಗಲ, ಸರಾಸರಿ ಆಳ, ವೇಗ ಈ ಮೂರರ ಗುಣಲಬ್ಧ. ಬರುವ ನೀರು ಅಷ್ಟೇ ಇದ್ದು ಪಾತ್ರ ಕಿರಿದಾದರೆ, ಆಳವೋ ವೇಗವೋ ಹೆಚ್ಚಲೇಬೇಕು. ವೇಗ ಪಡೆದ ನೀರು ತಳವನ್ನು ಕೊರೆದು ಆಳವನ್ನು ಇನ್ನೂ ಹೆಚ್ಚಿಸುತ್ತದೆ.

ಆದ್ದರಿಂದಲೇ ಹೆಚ್ಚು ನೀರಿನ ನದಿಯೇ ಹೆಚ್ಚು ಆಳದ್ದಾಗಬೇಕೆಂದಿಲ್ಲ. ಅಮೆಜಾನ್ ನದಿ ಕಾಂಗೋಗಿಂತ ಸುಮಾರು ಐದು ಪಟ್ಟು ನೀರು ಹೊತ್ತೊಯ್ಯುತ್ತದೆ. ಆದರೂ ಅದರ ಅತಿ ಆಳದ ಜಾಗ ಸುಮಾರು 100 ಮೀಟರ್. ಕಾಂಗೋ ನದಿ ಸಮುದ್ರ ಸೇರುವ ಮೊದಲು ಬಂಡೆಗಳ ಇಕ್ಕಟ್ಟಿನಲ್ಲಿ ಹರಿಯುವಲ್ಲಿ ವಿಜ್ಞಾನಿಗಳು ಶಬ್ದತರಂಗದ ಉಪಕರಣದಿಂದ ಅಳೆದಾಗ 220 ಮೀಟರ್ ಆಳ ಸಿಕ್ಕಿತು. ಕಣ್ಣು ಕಾಣದ, ಬಣ್ಣಗೆಟ್ಟ ಒಂದು ಜಾತಿಯ ಮೀನು ಅಲ್ಲಿ ಬದುಕುತ್ತದೆ.

ಮಾಂಜ್ರಾಕ್ಕೂ ಇಂಥ ಆಳದ ನಂಟಿದೆ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟಿ, ಸುಮಾರು 724 ಕಿಲೋಮೀಟರ್ ಹರಿದು, ತೆಲಂಗಾಣದ ಕಂದಕುರ್ತಿಯಲ್ಲಿ ಅದು ಗೋದಾವರಿಯನ್ನು ಸೇರುತ್ತದೆ. ಅದೇ ಗೋದಾವರಿ ಮುಂದೆ ಪಾಪಿಕೊಂಡಲು ಬೆಟ್ಟಗಳ ನಡುವೆ ಕಿರಿದಾಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕಚ್ಚುಲೂರು ಬಳಿ ಮುಳುಗಿದ ಪ್ರವಾಸಿ ದೋಣಿ 200 ಅಡಿಗೂ ಹೆಚ್ಚು ಆಳದಲ್ಲಿದೆ ಎಂದು ವರದಿಯಾಗಿತ್ತು. ನಮ್ಮ ಭಾಲ್ಕಿ, ಔರಾದ್ ಸೀಮೆಯಲ್ಲಿ ಅಂಥ ಕಣಿವೆ ಇಲ್ಲ. ಇಲ್ಲಿನ ಇಳಿಜಾರು ಕಡಿಮೆ, ಮಳೆ ಕೆಲವೇ ತಿಂಗಳದ್ದು. ಪ್ರವಾಹ ಬಂದಾಗ ನೀರು ಅಕ್ಕಪಕ್ಕದ ಎರೆಭೂಮಿಗೆ ಹರಡಿಕೊಳ್ಳುತ್ತದೆ.

ನೀರಿನ ಮಟ್ಟವೇ ಆಳ ಎಂಬ ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ಭಾಲ್ಕಿ ತಾಲ್ಲೂಕಿನ ಸಾಯಿಗಾಂವದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಇಂಥ ಕೇಂದ್ರಗಳು ಹೇಳುವ ನೀರಿನ ಮಟ್ಟವನ್ನು ಸಮುದ್ರಮಟ್ಟದಿಂದ ಎಣಿಸಲಾಗುತ್ತದೆ. ಆ ಜಾಗದ ತಳದ ಮಟ್ಟವನ್ನು ಅದರಿಂದ ಕಳೆದರೆ ಮಾತ್ರ ಆಳ ಸಿಗುತ್ತದೆ. ಆ ತಳವೂ ಪ್ರತಿ ಪ್ರವಾಹಕ್ಕೆ ಸ್ವಲ್ಪ ಬದಲಾಗಬಹುದು. ಹಾಗಾಗಿ ಮತ್ತೆ ಮತ್ತೆ ಅಳೆಯಬೇಕು.

ಹೊಳೆದಂಡೆಯ ಊರಿನವರಿಗೆ ಆಳದ ಈ ಲೆಕ್ಕ ಜೀವದ ಪ್ರಶ್ನೆ. ಸರಾಸರಿ ಮೊಣಕಾಲುದ್ದ ಎನ್ನುವ ಹೊಳೆಯಲ್ಲೇ, ಬಂಡೆಯ ಮಗ್ಗುಲಲ್ಲಿ, ಸೇತುವೆ ಕಂಬದ ಬುಡದಲ್ಲಿ, ಮರಳು ತೆಗೆದ ಕಡೆ ಎರಡಾಳುದ್ದದ ಗುಂಡಿ ಇರಬಹುದು. ಮೇಲಿನ ಕದಡು ನೀರು ಅದನ್ನು ಮರೆಮಾಡುತ್ತದೆ. ಹೋದ ವರ್ಷ ಈಜಿದ ಜಾಗವೆಂಬ ಧೈರ್ಯವೂ ಸಲ್ಲದು, ತಳ ಹಾಗೇ ಉಳಿದಿರಲಿಕ್ಕಿಲ್ಲ. ಮಳೆಗಾಲ ಮುಗಿದ ಕೂಡಲೇ ಜನ ಇಳಿಯುವ ಕಡೆಗಳಲ್ಲಿ ಪಂಚಾಯಿತಿಗಳು ಗಳ ಇಳಿಸಿ ಅಳೆದು, ಗುಂಡಿಯಿದ್ದಲ್ಲಿ ಫಲಕ ನೆಡಲಿ. ಅದಕ್ಕೆ ದೊಡ್ಡ ಉಪಕರಣವೇನೂ ಬೇಡ.